ಹದಿನಾಲ್ಕು ಜಿನ್ ಹುದುಗು

ಬೋರೆದಿಬ್ಬದ ಹಳ್ಳಿ, ಚೆನ್‌ಲಿಯು ಸೀಮೆ
ಜಿಯಾನ್‌ಲಾಂಗ್ ಎರಡನೆಯ ವರ್ಷ, ಆರನೆಯ ತಿಂಗಳು, ಇಪ್ಪತ್ತಾರನೆಯ ದಿನ

ಪ್ರೀತಿಯ ಮಗ ಯಾನ್‌ಶೌ,

ಹೇಗಿದ್ದೀಯಪ್ಪಾ? ಭುಜದ ಗಾಯ ಮಾಗಿತೇ? ಹಗ್ಗ ಉಜ್ಜಿದ ಜಾಗಕ್ಕೆ ಎಳ್ಳೆಣ್ಣೆ ಹಚ್ಚು ಎಂದು ಹೇಳಿ ಕಳಿಸಿದ್ದೆ. ಹಚ್ಚಿರಲಾರೆ, ನಿನ್ನನ್ನು ನಾನು ಬಲ್ಲೆ. ಹೋದ ತಿಂಗಳು ದೋಣಿಯ ಫೆಂಗ್ ಬಂದವನು ನೀನು ಸೊರಗಿದ್ದೀಯ ಎಂದ. ಆ ಡೊಳ್ಳುಹೊಟ್ಟೆಯವನ ಕಣ್ಣಿಗೆ ಲೋಕದವರೆಲ್ಲ ಸೊರಗಿದವರೇ. ಆದರೂ ಆವತ್ತು ನನಗೆ ಊಟ ಸೇರಲಿಲ್ಲ. ರಾಜಧಾನಿಯ ಕಾಲುವೆ ದಂಡೆಯುದ್ದಕ್ಕೂ ಬಾವುಟ ಕಟ್ಟಿದ ಹೆಂಡದಂಗಡಿಗಳಂತೆ. ಕುಡಿಯಬೇಡ ಎಂದರೆ ನೀನು ಕೇಳುವವನಲ್ಲ, ದಿನವಿಡೀ ಸರ್ಕಾರದ ಧಾನ್ಯದ ದೋಣಿ ಎಳೆಯುವವನಿಗೆ ಸಂಜೆ ಒಂದು ಬಟ್ಟಲು ಬೇಕೇ ಬೇಕು. ಆದರೆ ಬಿಸಿ ಮಾಡಿಸಿಕೊಂಡು ಕುಡಿ, ಜೊತೆಗೆ ಏನಾದರೂ ತಿನ್ನು. ನಿಮ್ಮಪ್ಪ ಬರಿಹೊಟ್ಟೆಗೆ ತಣ್ಣನೆಯದನ್ನು ಸುರಿದುಕೊಂಡೇ ಕರುಳು ಕೆಡಿಸಿಕೊಂಡರು.

ನಾನು ಚೆನ್ನಾಗಿದ್ದೇನೆ. ಇನ್ನೊಂದು ಹಲ್ಲು ಉದುರಿತು, ಅದನ್ನು ಬಿಟ್ಟರೆ ಎಲ್ಲ ಇದ್ದಲ್ಲೇ ಇದೆ. ಮಳೆ ಹಿಡಿದರೆ ಎಡಗಾಲಿನ ಹೆಬ್ಬೆರಳು ನೋಯುತ್ತದೆ. ಇಲ್ಲದ ಬೆರಳು ಹೇಗೆ ನೋಯುತ್ತದೆ ಎಂದು ನನ್ನನ್ನು ಕೇಳಬೇಡ, ಐದು ವರ್ಷದವನಾಗಿದ್ದಾಗ ಬೀಸುಕಲ್ಲನ್ನು ಬಂಡಿಯ ಗಾಲಿ ಮಾಡಿಕೊಂಡು ನನ್ನ ಕಾಲಮೇಲೆ ಉರುಳಿಸಿದವನನ್ನು ಕೇಳು. ನಿನ್ನ ಹೆಂಡತಿ ಸುನ್ಯಾಂಗಳ ಹೊಟ್ಟೆ ಏಳು ತಿಂಗಳಿಗೇ ಒಂಬತ್ತರಷ್ಟಾಗಿದೆ. ಬಾತುಕೋಳಿಯ ಹಾಗೆ ನಡೆಯುತ್ತಾಳೆ. ಉಪ್ಪಿನಕಾಯಿಗೆ ಇನ್ನೂ ಎರಡು ಪಾಲು ಉಪ್ಪು ಹಾಕುತ್ತಾಳೆ. ಬಯ್ದರೆ ನಗುತ್ತಾಳೆ. ಬಯ್ದರೆ ಅಳುವ ಸೊಸೆಯರನ್ನು ನೋಡಿದ್ದೇನೆ, ತಿರುಗಿ ಬಯ್ಯುವವರನ್ನೂ ನೋಡಿದ್ದೇನೆ, ಈ ನಗುವ ಜಾತಿ ಎಲ್ಲಿಂದ ಬಂತೋ. ನೀವಿಬ್ಬರೂ ಮದುವೆಯ ದಿನ ಸೀಳಿದ ಸೋರೆಬುರುಡೆಯ ಎರಡು ಹೋಳುಗಳಲ್ಲಿ ಹೆಂಡ ಕುಡಿಯುವಾಗ ಅವಳು ಕೆಮ್ಮಿ ನಿನ್ನ ಹೊಸ ಅಂಗಿಯ ಮೇಲೆಲ್ಲ ಉಗಿದಳಲ್ಲ, ಆವತ್ತೇ ನಾನು ಹಣೆ ಚಚ್ಚಿಕೊಂಡಿದ್ದೆ. ಆಗಲೂ ನಗುತ್ತಲೇ ಇದ್ದಳು.

ಮಳೆಯ ಸುದ್ದಿ ಹೇಳಲೇಬೇಕು. ಹದಿನಾಲ್ಕನೆಯ ದಿನ ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ. ಹೊಳೆಯ ಏರಿಯ ಮೇಲೆ ಊರಿನ ಗಂಡಸರೆಲ್ಲ ಮಣ್ಣು ಹಾಕುತ್ತಿದ್ದಾರೆ, ಜಾಗಟೆ ಬಡಿಯುತ್ತಿದ್ದಾರೆ. ಹಿತ್ತಲ ಕೋಣೆಯ ಬಡಗಣ ಮೂಲೆಯಲ್ಲಿ ಸೂರಿನ ಹುಲ್ಲು ಕೊಳೆತು ತೂತು ಬಿದ್ದಿದೆ, ಹೋಗುವ ಮೊದಲು ಹೊದಿಸು ಎಂದು ನಿನಗೆ ಎಷ್ಟು ಸಲ ಹೇಳಿದೆ? ಎರಡನೆಯ ತಿಂಗಳಲ್ಲಿ ಹೇಳಿದೆ, ಮೂರನೆಯ ತಿಂಗಳಲ್ಲಿ ಹೇಳಿದೆ. "ಆಯ್ತಮ್ಮ, ನಾಳೆ" ಎಂದೆ. ನಿನ್ನ ನಾಳೆ ಈಗ ಒಬ್ಬ ಮನುಷ್ಯ ಇಳಿಯುವಷ್ಟು ಅಗಲವಾಗಿದೆ. ಬಯ್ಯಲು ಬರೆಯುತ್ತಿಲ್ಲ. ಆ ತೂತಿನಿಂದಲೇ ಎಲ್ಲ ಶುರುವಾದದ್ದು, ಅದಕ್ಕೆ ಹೇಳಿದೆ.

ಆ ಕೋಣೆಯಲ್ಲಿ ಹೆಂಡದ ಹುದುಗು ಹಾಕಿದ್ದೆವು. ನೀನು ಬೇಡ ಎನ್ನುತ್ತೀಯ ಎಂದೇ ತಿಳಿಸಿರಲಿಲ್ಲ. ಸರ್ಕಾರದ ಹುದುಗನ್ನು ಕೊಂಡು ತಂದು ಹೆಂಡ ಮಾಡಿದರೆ ತಳದಲ್ಲಿ ಅರ್ಧ ಬಟ್ಟಲು ಮರಳು ನಿಲ್ಲುತ್ತದೆ. ಹೆತ್ತವಳಿಗೆ ಮೊದಲ ತಿಂಗಳು ದಿನಾ ಬಿಸಿ ಹೆಂಡದಲ್ಲಿ ಮೊಟ್ಟೆ ಒಡೆದು ಕೊಡದಿದ್ದರೆ ಅವಳ ಸೊಂಟಕ್ಕೆ ಬಲ ಎಲ್ಲಿಂದ ಬರಬೇಕು? ಮರಳು ಕುಡಿಸಲೇ ನನ್ನ ಮೊಮ್ಮಗುವಿನ ತಾಯಿಗೆ? ಅದಕ್ಕೇ ಗೋಧಿಯನ್ನು ಮೂರು ಪಾಲು ಮಾಡಿ, ಒಂದನ್ನು ಹುರಿದು, ಒಂದನ್ನು ಬೇಯಿಸಿ, ಒಂದನ್ನು ಹಸಿಯಾಗಿ ಬೀಸಿ, ಸೊಪ್ಪಿನ ಕಷಾಯದಲ್ಲಿ ಕಲಸಿದೆ. ಹಿಟ್ಟಿನಲ್ಲಿ ಹುದುಗು ಕಾಯುವ ಐವರು ಹುದುಗುರಾಜರ ಗೊಂಬೆ ಮಾಡಿ ನಾಲ್ಕು ಮೂಲೆಗೆ ನಾಲ್ವರನ್ನೂ ನಡುವೆ ಒಬ್ಬನನ್ನೂ ಕೂರಿಸಿ, ಅವರ ಕೈಗೆ ಮಾಂಸದ ಚೂರು ಕೊಟ್ಟು ಕೈಮುಗಿದೆ. ಎಲ್ಲ ನಮ್ಮಜ್ಜಿ ಮಾಡುತ್ತಿದ್ದ ಹಾಗೆಯೇ. ತುಳಿಯುವ ಕೆಲಸ ಮಾತ್ರ ಸುನ್ಯಾಂಗಳದ್ದು. ಹೆರಿಗೆಯ ಹೆಂಡಕ್ಕೆ ಹೆರುವವಳೇ ತುಳಿಯಬೇಕು, ಒಳಗೊಂದು ಜೀವ ಇರುವ ಕಾಲಿನ ಭಾರಕ್ಕೆ ಹುದುಗು ಚೆನ್ನಾಗಿ ಏಳುತ್ತದೆ, ಇದು ನಮ್ಮ ಮನೆಯ ಪದ್ಧತಿ. ಅಚ್ಚಿನಲ್ಲಿ ಹಿಟ್ಟು ತುಂಬಿ ಕೊಟ್ಟೆ, ಅವಳು ಗೋಡೆ ಹಿಡಿದುಕೊಂಡು ತುಳಿದಳು. ಮೊದಲು ಹಿಮ್ಮಡಿ, ಕೊನೆಗೆ ಬೆರಳು. "ಅತ್ತೆ, ಕಚಗುಳಿ ಆಗ್ತದೆ" ಎಂದು ನಕ್ಕಳು. ಹತ್ತು ಬಿಲ್ಲೆ ಆದವು. ಒಂದೊಂದರ ಮೇಲೂ ಅವಳ ಕಾಲಿನ ಗುರುತು. ಎಲೆ ಸುತ್ತಿ ಮಂಚಿಕೆಯ ಮೇಲೆ ಇಟ್ಟೆವು.

ತೂಕ ನೋಡದೆ ಇಡುವವಳು ನಾನಲ್ಲ. ಹಿಂದಿನ ದೊರೆಗಳ ಕಾಲದಲ್ಲಿ ಮನೆಯಲ್ಲಿ ಮಾಡಿದ ಚಿಟಿಕೆ ಹುದುಗಿಗೂ ತಲೆ ಹೋಗುತ್ತಿತ್ತು. ನಿನ್ನ ಸೋದರಮಾವ ಹೋದದ್ದು ಮುಷ್ಟಿಗಾತ್ರದ ಒಂದು ಉಂಡೆಗೆ, ಅದೂ ಹೊಟ್ಟೆನೋವಿನ ಮದ್ದಿಗೆಂದು ಇಟ್ಟುಕೊಂಡದ್ದಕ್ಕೆ. ಆ ಅಣ್ಣ ಇದ್ದಿಲಿನಲ್ಲಿ ಬರೆದು ಕಲಿಸಿದ ಅಕ್ಷರಗಳಲ್ಲೇ ನಿನಗೆ ಈ ಪತ್ರ ಬರೆಯುತ್ತಿದ್ದೇನೆ. ಆ ದೊರೆಗಳ ನಂತರ ಬಂದವರು ಐದು ಜಿನ್ ತೂಕದವರೆಗೆ ತಲೆ ಉಳಿಸಿದರು. ಈಗಿನವರು ಹದಿನೈದು ಎಂದರು. ಹದಿನೈದು ಜಿನ್ ಮುಟ್ಟಿದರೆ ತಲೆ, ಒಳಗಿದ್ದರೆ ಬೆತ್ತ. ಹೊಸ ದೊರೆ ಕರುಣಾಮಯಿ ಎಂದು ಊರೆಲ್ಲ ಹೊಗಳಿತು, ನಾನೂ ಹೊಗಳಿದೆ. ಅಂದಿನಿಂದ ನಮ್ಮೂರಿನಲ್ಲಿ ಯಾರ ಮನೆಯಲ್ಲಿ ತೂಗಿದರೂ ಹದಿನಾಲ್ಕೇ. ಸುನ್ಯಾಂಗ್ "ಹತ್ತು ಜಿನ್ ಸಾಕು ಅತ್ತೆ" ಎಂದಳು. ನಾನೇ ಹದಿನಾಲ್ಕು ಎಂದೆ. ಹಸಿಯಾಗಿದ್ದಾಗಲೇ ಹದಿನಾಲ್ಕು, ಒಣಗಿದರೆ ಹನ್ನೊಂದಕ್ಕೆ ಇಳಿಯುತ್ತದೆ, ಯಾರಿಗೆ ಹೆದರಬೇಕು ಎಂದು ಜಂಬ ಕೊಚ್ಚಿದೆ. ಮಗುವಿನ ನೂರನೆಯ ದಿನದ ಔತಣಕ್ಕೂ ಆಗಲಿ ಎಂಬ ಆಸೆ ನನ್ನದು. ಅದನ್ನು ನೆನೆದರೆ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕು ಎನಿಸುತ್ತದೆ.

ಮಳೆ ಹಿಡಿದ ಮೂರನೆಯ ದಿನ ಹೋಗಿ ನೋಡಿದರೆ ತೂತಿನ ನೀರು ನೇರ ಮಂಚಿಕೆಯ ಮೇಲೆ ಸುರಿದಿತ್ತು. ಬಿಲ್ಲೆಗಳು ಕುಡಿದು ಉಬ್ಬಿದ್ದವು. ಬಡಗಣ ಮೂಲೆಯ ಹುದುಗುರಾಜನಿಗೆ ತಲೆಯೇ ಇರಲಿಲ್ಲ, ಕರಗಿ ಎದೆಯ ಮೇಲೆ ಇಳಿದಿತ್ತು. ಆವತ್ತೇ ಎಲ್ಲವನ್ನೂ ಹೊತ್ತು ಹೊಳೆಗೆ ಎಸೆಯಬೇಕಿತ್ತು. ಮನಸ್ಸು ಬರಲಿಲ್ಲ. ನಾಳೆ ಬಿಸಿಲು ಬರುತ್ತದೆ, ಒಣಗುತ್ತವೆ ಎಂದುಕೊಂಡೆ. ನಾಳೆ ಎನ್ನುವ ರೋಗ ನಿನಗೆ ಯಾರಿಂದ ಬಂತು ಎಂದು ಈಗ ಗೊತ್ತಾಯಿತು.

ಇಪ್ಪತ್ತೆರಡನೆಯ ದಿನ ಊರಿನ ಮುಖಂಡ ಗೆಂಗ್ ಏರಿಯ ಕೆಲಸಕ್ಕೆ ಬುಟ್ಟಿ ಕೇಳಲು ಬಂದ. ನೆಂದ ಹುದುಗಿನ ವಾಸನೆ ಬೀದಿಯ ತನಕ ಹೊಡೆಯುತ್ತಿತ್ತು. ಪ್ರತಿ ವರ್ಷ ನಮ್ಮ ಮನೆಯ ಹೊಸ ಹೆಂಡದ ಮೊದಲ ಕುಡಿಕೆ ಅವನದೇ, ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈ ಸಲ ಮೂಗು ಮುಚ್ಚಿಕೊಂಡು ಹೋಗಲಿಲ್ಲ. ಸೀಮೆಗೆ ಹುದುಗಿನ ತಪಾಸಣೆಗೆ ಹೊಸಬ ಬಂದಿದ್ದಾನಂತೆ, ಒಂದೊಂದು ಊರಿನಿಂದ ಒಂದೊಂದು ಕಳ್ಳಹುದುಗು ಸಿಗಲೇಬೇಕಂತೆ, ಸಿಗಲಿಲ್ಲ ಎಂದ ಪಕ್ಕದೂರಿನ ಮುಖಂಡನ ಬೆನ್ನಿನ ಚರ್ಮ ಹೋಯಿತಂತೆ. ಗೆಂಗ್ ನನ್ನ ಮುಖ ನೋಡದೆ ತಕ್ಕಡಿ ತರಿಸಿದ. ಎಲೆಯನ್ನೂ ಬಿಚ್ಚಲಿಲ್ಲ, ಹಾಗೆಯೇ ತೂಗಿದ. ಹದಿನಾರೂವರೆ.

ನಾನು ಬಿಟ್ಟೆನೇ? "ಲೋ ಗೆಂಗ್, ಅದು ನೀರಿನ ತೂಕ ಕಣೋ! ಹಿಂಡಿ ತೂಗು, ನೀರಿಗೂ ಸರ್ಕಾರ ತಲೆ ತೆಗೀತದೇನೋ?" ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ. ಅವನು ತೊಯ್ದ ಟೋಪಿ ಹಿಂಡುತ್ತ ಹೇಳಿದ, "ಅಕ್ಕಾ, ಆಜ್ಞೇಲಿ ಒಣಗಿದ್ದು ಅಂತ ಬರ್ದಿಲ್ಲ, ನೆಂದಿದ್ದು ಅಂತಾನೂ ಬರ್ದಿಲ್ಲ. ಹದ್ನೈದು ಅಂತ ಬರ್ದಿದೆ. ನನ್ನ ಬೆನ್ನು ಉಳೀಬೇಕಲ್ಲ." ಅಳುತ್ತಿದ್ದನೋ, ಮಳೆಯ ನೀರೋ, ತಿಳಿಯಲಿಲ್ಲ. ಹತ್ತು ಬಿಲ್ಲೆ, ಹದಿನಾರೂವರೆ ಜಿನ್ ಎಂದು ಕಾಗದದಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಹೆಬ್ಬೆಟ್ಟು ಒತ್ತಿಸಿ, ಬಿಲ್ಲೆಗಳನ್ನು ಮತ್ತೆ ಅದೇ ಮಂಚಿಕೆಯ ಮೇಲಿಟ್ಟು ಬಾಗಿಲಿಗೆ ಮುದ್ರೆಯ ಕಾಗದ ಅಂಟಿಸಿ ಹೋದ. ಇಪ್ಪತ್ತೆಂಟಕ್ಕೆ, ಅಂದರೆ ನಾಡಿದ್ದು, ತಪಾಸಣೆಯವನೇ ಬರುತ್ತಾನೆ. ಇನ್ನು ಒಂದು ಚೂರು ಮುರಿದು ತೆಗೆದರೂ ಮನೆಯವರೆಲ್ಲರಿಗೂ ಸಾಕ್ಷಿಗಳಿಗೂ ಸೇರಿ ಹಗ್ಗ. ಬಿಸಿಲು ಬಂದು ಒಣಗಿದರೆ ಆ ಕಾಗದದ ಲೆಕ್ಕವನ್ನು ಸುಳ್ಳು ಮಾಡಬಹುದು ಎಂದು ನಾಲ್ಕು ದಿನದಿಂದ ಮುಗಿಲನ್ನೇ ನೋಡುತ್ತಿದ್ದೇನೆ. ಮುಗಿಲು ನನ್ನ ಕಡೆ ನೋಡುತ್ತಿಲ್ಲ.

ಇಷ್ಟೇ ಆಗಿದ್ದರೆ ನಾನು ಹೆದರುತ್ತಿರಲಿಲ್ಲ ಯಾನ್‌ಶೌ. ನಾನೇ ಮಾಡಿದೆ ಎಂದರೆ ಮುಗಿಯಿತು ಎಂದುಕೊಂಡಿದ್ದೆ. ಮೊನ್ನೆ ಸೂಜಿ ಮಾರುವವಳು ಬಂದಳು. ಬಿಳಿಗುಡಿ ಹಳ್ಳಿಯಲ್ಲಿ ನಡೆದದ್ದನ್ನು ಹೇಳಿದಳು. ಅಲ್ಲಿಯೂ ಮುದುಕನೊಬ್ಬ ನಾನೇ ಎಂದನಂತೆ. ತಪಾಸಣೆಯವನು ನಕ್ಕು, "ಬಾಯಿ ಸುಳ್ಳು ಹೇಳ್ತದೆ ತಾತ, ಕಾಲು ಹೇಳಲ್ಲ" ಎಂದು ಬಿಲ್ಲೆಯ ಎಲೆ ಬಿಚ್ಚಿಸಿ, ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕಾಲನ್ನೂ ಗುರುತಿನ ಮೇಲೆ ಇಡಿಸಿದನಂತೆ. ಯಾರ ಕಾಲೂ ಹೊಂದಲಿಲ್ಲ. ಹಾಗಾದರೆ ಇಲ್ಲದವರು ಯಾರು ಎಂದು ಕೇಳಿ, ಚಿಕ್ಕಮ್ಮನ ಮನೆಗೆ ಓಡಿಹೋಗಿದ್ದ ಮಗಳನ್ನು ಕತ್ತೆಯ ಮೇಲೆ ಕಟ್ಟಿ ತರಿಸಿದನಂತೆ. ಅವಳ ಕಾಲು ಸರಿಯಾಗಿ ಕೂತಿತು. ಬಸುರಿಯರನ್ನು ಏನು ಮಾಡುತ್ತಾರೆ ಎಂದು ಸುಮ್ಮನೆ ಕೇಳುವವಳ ಹಾಗೆ ಕೇಳಿದೆ. "ಹೆರೋತನಕ ಬಿಡ್ತಾರೆ ಅಜ್ಜಿ, ಹೆತ್ತಮೇಲೂ ನೂರು ದಿನ ಬಿಡ್ತಾರೆ, ಹಾಲು ಕುಡೀಲಿ ಅಂತ. ಆಮೇಲೆ ಕರ್ಕೊಂಡು ಹೋಗ್ತಾರೆ" ಎಂದಳು. ಸುನ್ಯಾಂಗ್ ಬಾವಿಯ ಕಟ್ಟೆಯ ಮೇಲೆ ಕೂತು ಮಗುವಿನ ಟೋಪಿಗೆ ಹುಲಿಯ ಕಿವಿ ಹೊಲಿಯುತ್ತಿದ್ದಳು. ಕೇಳಿಸಿತೋ ಇಲ್ಲವೋ. ಎರಡು ಸೂಜಿ ಕೊಂಡಳು.

ನೂರನೆಯ ದಿನದ ಔತಣಕ್ಕೆಂದು ನಾನು ಹದಿನಾಲ್ಕು ತೂಗಿಸಿದ್ದು ನೆನಪಿದೆಯಲ್ಲ. ಅದೇ ನೂರನೆಯ ದಿನ. ಅಂದಿನಿಂದ ನನ್ನ ಕಿವಿಯಲ್ಲಿ ಬೇರೆ ಯಾವ ಶಬ್ದವೂ ಇಲ್ಲ.

ನಿನ್ನೆ ಸುನ್ಯಾಂಗಳ ಮುಂದೆ ಮಾತು ತೆಗೆದೆ. ತಪಾಸಣೆಯವನು ಕೇಳಿದರೆ ನೀನು ಬಾಯಿ ಬಿಡಬೇಡ ಎಂದೆ. "ನಾನೇ ತುಳಿದಿದ್ದು ಅತ್ತೆ. ನನ್ನ ಕಾಲೇ ಅಲ್ವಾ? ನಿಮ್ಮನ್ನ ಕಳ್ಸಿ ನಾನು ಆ ಹೆಂಡ ಹೆಂಗೆ ಕುಡೀಲಿ?" ಎಂದಳು. ಈ ಮಾತು ಹೇಳುವಾಗ ನಗಲಿಲ್ಲ. ಮದುವೆಯಾಗಿ ಎರಡು ವರ್ಷದಲ್ಲಿ ನನಗೆ ಎದುರು ಹೇಳಿದ್ದು ಅದೊಂದೇ ಸಲ. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ, ಕಲಿಸಲು ಎರಡು ದಿನ ಸಾಲದು. ಅದಕ್ಕೇ ಇವತ್ತು ಬೆಳಗ್ಗೆ ಜಗಳ ತೆಗೆದೆ. ಉಪ್ಪಿನಕಾಯಿಯ ಜಾಡಿಯನ್ನು ಅಂಗಳಕ್ಕೆ ಎಸೆದೆ. ಮನೆಹಾಳಿ ಎಂದೆ, ನಿನ್ನ ಕಾಲ್ಗುಣವೇ ಸರಿಯಿಲ್ಲ ಎಂದೆ, ಗಂಡನ ಹತ್ತಿರ ಹೋಗಿ ಬೀಳು ಎಂದೆ. ಕಾಲ್ಗುಣ ಎಂದು ನನ್ನ ಬಾಯಿಂದ ಬಂದಾಗ ಅವಳು ನನ್ನನ್ನು ನೋಡಿದ ನೋಟವನ್ನು ನಾನು ಬದುಕಿರುವವರೆಗೆ ಮರೆಯಲಾರೆ. ಅಷ್ಟು ದಿನ ನೆನಪಿಟ್ಟುಕೊಳ್ಳುವುದೇನೂ ಕಷ್ಟವಲ್ಲ ಬಿಡು.

ಈ ಪತ್ರವನ್ನು ನಿನ್ನ ಕೈಗೆ ಕೊಡುವವಳು ಅವಳೇ. ಮಧ್ಯಾಹ್ನ ಫೆಂಗ್ ದೋಣಿ ಬಿಡುತ್ತಾನೆ, ಕೂರಿಸಿ ಕಳಿಸುತ್ತೇನೆ. ಗೆಂಗ್ ಏರಿಯ ಮೇಲಿದ್ದಾನೆ, ಕಂಡರೂ ಕಾಣದ ಹಾಗೆ ಇರುತ್ತಾನೆ. ಅವಳಿಗೆ ಓದಲು ಬಾರದು, ಆದ್ದರಿಂದ ಇದರಲ್ಲಿ ತನ್ನ ಮೇಲೆ ಚಾಡಿ ತುಂಬಿದೆ ಎಂದುಕೊಂಡೇ ತರುತ್ತಾಳೆ. ಬಿಳಿಗುಡಿಯ ಮಗಳನ್ನು ತರಿಸಿದವರು ನಿನ್ನ ದೋಣಿಯ ತನಕವೂ ಬರಬಲ್ಲರು, ಅದು ನನಗೆ ಗೊತ್ತಿಲ್ಲದ್ದಲ್ಲ. ಓಡಿಸಿದ್ದರಿಂದಲೇ ಅವಳು ಉಳಿಯುವುದಿಲ್ಲ. ಆ ಹತ್ತು ಬಿಲ್ಲೆಗಳ ಮೇಲೆ ಅವಳ ಕಾಲು ಇರುವವರೆಗೆ ಅವಳು ಎಲ್ಲಿದ್ದರೂ ಒಂದೇ. ಬೆಳಗಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ಎಂಬತ್ತು ದಾಟಿದವರಿಗೆ ದೊರೆಯ ಮುಂದೆ ಒಂದು ಅರಿಕೆಗೆ ಅವಕಾಶವಿದೆಯಂತೆ. ನನಗೆ ಅರವತ್ತಾರು. ಎಷ್ಟು ಕಡಿಮೆ ಬಿತ್ತು ನೋಡು, ಅಲ್ಲಿಯೂ ಹದಿನಾಲ್ಕು.

ನೀನು ಧೈರ್ಯಗೆಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಭುಜಕ್ಕೆ ಎಣ್ಣೆ ಹಚ್ಚು, ಅವಳನ್ನು ಗದರಬೇಡ. ನೀನು ಹುಟ್ಟಿದ ದಿನ ಆಯುಸ್ಸು ಬೆಳೆಯಲಿ ಎಂದೇ ಯಾನ್‌ಶೌ ಎಂದು ಹೆಸರಿಟ್ಟೆ. ನನ್ನ ಪಾಲಿನದೂ ಸೇರಿ ನಿಮ್ಮ ಮೂವರಿಗೂ ಬೆಳೆಯಲಿ. ಫೆಂಗನಿಗೆ ನನ್ನ ನಮಸ್ಕಾರ ಹೇಳು, ದಾರಿಯಲ್ಲಿ ಅವಳಿಗೆ ಗಂಜಿ ಕೊಟ್ಟಿದ್ದರೆ ಮಾತ್ರ.

ನಿನ್ನ ತಾಯಿ,
ತು ಮನೆತನದ ಮಗಳು

ಮತ್ತೆ: ಫೆಂಗ್ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲಿನದನ್ನು ಬರೆದಾದ ಮೇಲೆ ಹಿತ್ತಲ ಕೋಣೆಗೆ ಹೋಗಿ ಬಂದೆ. ಬಾಗಿಲಿನ ಮುದ್ರೆ ಹಾಗೇ ಇದೆ. ಸುನ್ಯಾಂಗ್ ಒಳಗೆ ಬಟ್ಟೆಯ ಗಂಟು ಕಟ್ಟುತ್ತಿದ್ದಳು, ಊರೆಲ್ಲ ಏರಿಯ ಮೇಲಿತ್ತು. ನೀರಿನ ಗುಡಾಣ ಮಗುಚಿ ಹತ್ತಿ, ಗೋಡೆಯಿಂದ ಸೂರಿಗೆ ತೆವಳಿ, ನೀನು ಹೊದಿಸದೆ ಬಿಟ್ಟ ತೂತಿನಿಂದ ಒಳಗೆ ಇಳಿದೆ. ನಗಬೇಡ. ಎಲೆ ಬಿಚ್ಚಿದೆ. ಅವಳ ಪುಟ್ಟ ಕಾಲು, ಕಿರುಬೆರಳು ಒಳಕ್ಕೆ ತಿರುಗಿದ್ದು, ಹತ್ತರ ಮೇಲೂ ಇತ್ತು. ಸ್ವಲ್ಪ ಹೊತ್ತು ನೋಡುತ್ತ ನಿಂತೆ. ಬಿಲ್ಲೆಗಳು ಈಗಷ್ಟೇ ಕಲಸಿದ ಹಿಟ್ಟಿನಷ್ಟು ಮೆತ್ತಗಿದ್ದವು. ಹತ್ತನ್ನೂ ನನ್ನ ಎಡಗಾಲಿನಿಂದ ತುಳಿದೆ, ಮೊದಲು ಹಿಮ್ಮಡಿ, ಕೊನೆಗೆ ಬೆರಳು. ನಾಲ್ಕು ಬೆರಳು. ಒಂದು ಚೂರೂ ಉದುರಿಸದೆ ಅವೇ ಎಲೆಗಳನ್ನು ಸುತ್ತಿಟ್ಟು, ಅದೇ ತೂತಿನಿಂದ ಹತ್ತಿ ಬಂದೆ. ಈ ಸೀಮೆಯಲ್ಲಿ ಎಡಗಾಲಿಗೆ ಹೆಬ್ಬೆರಳಿಲ್ಲದ ಇನ್ನೊಬ್ಬ ಹೆಂಗಸು ಇಲ್ಲ. ನಾಡಿದ್ದು ತಪಾಸಣೆಯವನು ಕೇಳುವ ಮೊದಲೇ ಕಾಲು ಚಾಚುತ್ತೇನೆ. ಇನ್ನು ಅವಳನ್ನು ಹುಡುಕಿ ಯಾರೂ ಬರುವುದಿಲ್ಲ.

ನೀನೂ ಬರಬೇಡ. ಏನೇ ಸುದ್ದಿ ಬಂದರೂ ಬರಬೇಡ, ಬಂದರೆ ನಿಜ ಕಿರುಚುತ್ತೀಯ. ಅವಳಿಗೂ ಈಗಲೇ ಹೇಳಬೇಡ, ಅತ್ತೆ ಕೆಟ್ಟವಳು ಎಂದುಕೊಂಡು ನೆಮ್ಮದಿಯಾಗಿ ಹೆರಲಿ. ಹೆತ್ತು ತಿಂಗಳು ಕಳೆದ ಮೇಲೆ ಹೇಳು. ಸರ್ಕಾರದ ಹೆಂಡವನ್ನೇ ಕೊಂಡು, ಮರಳು ಸೋಸಿ, ಬಿಸಿ ಮಾಡಿ ಮೊಟ್ಟೆ ಒಡೆದು ಕೊಡು. ಈ ಕಾಗದವನ್ನು ಅದೇ ಒಲೆಗೆ ಹಾಕು. ಸೂರಿಗೂ ಬೆರಳಿಗೂ ನಿನ್ನನ್ನು ಇಷ್ಟು ದಿನ ಬಯ್ದೆ, ಇನ್ನು ಬಯ್ಯುವುದಿಲ್ಲ. ಈಗ ನೋಡು, ಹನ್ನೆರಡು ದಿನ ಇಲ್ಲದ ಬಿಸಿಲು ಬಂದಿದೆ. ತೂತಿನಿಂದ ನೇರ ಮಂಚಿಕೆಯ ಮೇಲೆ ಬೀಳುತ್ತಿರಬೇಕು, ತೂಕ ಇಳಿಯುತ್ತದೋ ಇಲ್ಲವೋ, ಸಂಜೆಯ ಹೊತ್ತಿಗೆ ನನ್ನ ಕಾಲು ಒಣಗಿ ಗಟ್ಟಿಯಾಗುತ್ತದೆ.